ಎರಡನೇ ಗಾಯಾಳು

ಬೆಳಿಗ್ಗೆ ಐದಕ್ಕೇ ಬಣ್ಣ ಬಳಿದರು ನನಗೆ.
ಹಣೆಗೆ ಸಕ್ಕರೆ ಪಾಕದ ರಕ್ತ,
ಬಲತೊಡೆಗೆ ಮೇಣದ ಎಲುಬು, ಪ್ಯಾಂಟು ಹರಿದು ಇಣುಕುವಂತೆ.
ವೇಷ ಕೂತಿತು ಮಾರಾಯ, ಇನ್ನು ಚೆಂಡೆಯೊಂದೇ ಬಾಕಿ
ಎಂದ ಸ್ಟೋರಿನ ಗ್ರೇಶನ್, ಮೊಬೈಲೆತ್ತಿದ.
ಊರಿಗೆ ಕಳಿಸಬೇಡ ಎಂದೆ.
ನೊಣಗಳಿಗೆ ಮಾತ್ರ ಗೊತ್ತಿರಲಿಲ್ಲ ಇದು ನಾಟಕವೆಂದು.

ಕೊರಳಲ್ಲಿ ಚೀಟಿ:
ಗಾಯಾಳು ಎರಡು. ಗಂಡಸು. ಬಲತೊಡೆ ಮೂಳೆ ಮುರಿತ.
ಪ್ರಜ್ಞೆ ಇದೆ. ಕೇಳಿದ್ದಕ್ಕಷ್ಟೇ ಉತ್ತರಿಸುವನು.
ನಿಜವಾಗಿ ನೋವಾದರೆ ಕೈಯೆತ್ತು,
ಸೀಟಿ ಊದಿ ಆಟ ನಿಲ್ಲಿಸುತ್ತೇವೆ ಎಂದರು.
ಉಳಿದ ದಿನ ನಾನು ಸೊಹಾರಿನ ಇದೇ ಅಂಗಳದಲ್ಲಿ
ಬೆಂಕಿಯವರ ಪೈಪು ತೊಳೆದು, ಗೋಪುರಕ್ಕೆ ಏರಿಸಿ ಒಣಗಿಸುವ
ಸೇಸಪ್ಪ. ಇವತ್ತು ಎಂಟು ರಿಯಾಲ್ ಹೆಚ್ಚಿಗೆ,
ಕೂತಲ್ಲೇ ಕೂತು ನರಳುವುದಕ್ಕೆ.

ಏಳು ತಂಡ, ಏಳು ಗುಜರಿ ಕಾರು,
ಒಂದೊಂದಕ್ಕೆ ಇಪ್ಪತ್ತು ನಿಮಿಷ.
ನಿಜ್ವಾದವರು ಬಂದರು, ಚಕ್ರದಡಿ ಮರದ ತುಂಡು ತುರುಕಿದರು,
ಗಾಜಿಗೆ ಟೇಪು ಹಚ್ಚಿ ಒಡೆದರು, ಒಂದು ಚೂರೂ ಮೈಮೇಲೆ ಬೀಳದಂತೆ.
ಆ ಕತ್ತರಿ ನೋಡಬೇಕು,
ಕಾರಿನ ಕಂಬವನ್ನು ಬಸಳೆ ದಂಟಿನ ಹಾಗೆ ಕಡಿಯುತ್ತದೆ.
ಬಹರೈನಿನವರು ಹದಿನಾರೇ ನಿಮಿಷಕ್ಕೆ ನನ್ನನ್ನು ಬಿಡಿಸಿದರು.
ಚಪ್ಪಾಳೆ. ನನ್ನ ಹತ್ತಿರ ಯಾರೂ ಮಾತಾಡಲಿಲ್ಲ,
ಚೀಟಿ ಓದಿದರು, ಸಾಕಿತ್ತು.

ನಾಲ್ಕನೆಯ ಕಾರಿನ ಸೀಟಿನ ಸಂದಿಯಲ್ಲಿ
ಖರ್ಜೂರದ ಬೀಜ, ಒಂದು ಪುಟ್ಟ ಹಳದಿ ಹೇರ್‌ಕ್ಲಿಪ್ಪು.
ಈ ಕಾರು ನಿಜಕ್ಕೂ ಗುದ್ದಿದ್ದೋ, ಮುದಿಯಾಗಿ ಸತ್ತದ್ದೋ?
ಕ್ಲಿಪ್ಪು ಮುಷ್ಟಿಯಲ್ಲಿ ಹಿಡಿದೇ ನರಳತೊಡಗಿದೆ.
ಸೂರ್‌ನವರ ಸರದಿ. ಖಲ್ಫಾನ್ ಎಂಬವ ಹಿಂದಿನ ಸೀಟಿಗೆ ನುಸುಳಿ
ಎರಡೂ ಅಂಗೈಯಲ್ಲಿ ನನ್ನ ತಲೆ ಹಿಡಿದ,
ಕಲ್ಲಂಗಡಿ ಕೊಳ್ಳುವವನ ಹಾಗೆ, ಆದರೆ ತಟ್ಟದೆ.
ಕಿವಿಯ ಬಳಿ ಏಲಕ್ಕಿ ಕಾಫಿಯ ಉಸಿರು.
ಕಿದರ್ ದರ್ದ್, ಭಾಯಿ?
ತೊಡೆ, ಎಂದು ಪಾಠ ಒಪ್ಪಿಸಿದೆ.
ತಲೆಯನ್ನು ಇನ್ನೊಬ್ಬನ ಕೈಗೆ ಕೊಟ್ಟು, ಅವನು ಕತ್ತಿನಿಂದ ಕೆಳಗೆ
ಬೆರಳಿಡುತ್ತ ಬಂದ. ಎಡಭುಜ.
ಅಯ್ಯಬ್ಬೇ!

ಅದು ಚೀಟಿಯಲ್ಲಿ ಇರಲಿಲ್ಲ.
ಅದು ರಂಜಾನಿನ ಮೊದಲ ವಾರದ್ದು, ಗೋಪುರದ ಮೆಟ್ಟಿಲಲ್ಲಿ
ಒದ್ದೆ ಪೈಪು ಜಾರಿ ನನ್ನನ್ನೂ ಎಳೆದುಕೊಂಡು ಹೋದದ್ದು.
ಯಾರಿಗೂ ಹೇಳಿರಲಿಲ್ಲ. ರಜೆ ಹಾಕಿದರೆ ಸಂಬಳಕ್ಕೆ ಕತ್ತರಿ,
ಆ ಕತ್ತರಿಗೆ ಹೈಡ್ರಾಲಿಕ್ ಬೇಡ.

ಖಲ್ಫಾನ್ ಕಣ್ಣಲ್ಲಿ ಕಣ್ಣಿಟ್ಟ. ಸಚ್ ವಾಲಾ?
ನಾನು ಕೈಯೆತ್ತಲಿಲ್ಲ. ಅವನೂ ಸೀಟಿ ಕೇಳಲಿಲ್ಲ.
ಹೊರಗಿನವರಿಗೆ ಅರಬಿಯಲ್ಲಿ ಏನೋ ಕೂಗಿದ.
ಪಕ್ಕದ ಬಾಗಿಲು ಬಿಟ್ಟು ಮೇಲಿನ ಮಾಡನ್ನೇ ಕೊಯ್ಯತೊಡಗಿದರು,
ನನ್ನ ಎಡಗೈ ಎದೆಗೆ ಕಟ್ಟಿದರು,
ತುಂಬಿದ ಸಾರಿನ ಪಾತ್ರೆ ಒಲೆಯಿಂದಿಳಿಸುವ ಹಾಗೆ
ಹಲಗೆಯ ಮೇಲೆ ನಿಧಾನ, ನೆಟ್ಟಗೆ.
ಬಿಳಿ ಹೆಲ್ಮೆಟ್ಟಿನ ತೀರ್ಪುಗಾರ ಗಡಿಯಾರ ತಟ್ಟಿದ.
ಇಪ್ಪತ್ತಮೂರು ನಿಮಿಷ. ಕಾರಣವಿಲ್ಲದೆ ಯೋಜನೆ ಬದಲಿಸಿದ್ದಕ್ಕೆ
ಮತ್ತಷ್ಟು ಅಂಕ ಕಡಿತ.
ಹೇಳಬಹುದಿತ್ತು ನಾನು. ಬಾಯಿ ಇತ್ತು.
ಪ್ರಜ್ಞೆ ಇದೆ ಎಂದು ಬರೆದೂ ಇತ್ತು.

ಉಳಿದ ಮೂರು ಕಾರಿನಲ್ಲೂ ಸಾಯದೆ ಉಳಿದೆ.
ಸಂಜೆ ಬಹರೈನಿಗೆ ಕಪ್ಪು, ಎಲ್ಲರಿಗೂ ಬಿರಿಯಾನಿ.
ಆರನೆಯವರಾದ ಸೂರ್‌ನವರು ನಗುತ್ತಲೇ ಬಸ್ಸಿಗೆ ಸಾಮಾನು ಏರಿಸಿದರು.

ಬಣ್ಣ ತೊಳೆಯುವಾಗ ಚೀಟಿ ಕಳಚಿದೆ.
ಹಿಂಬದಿಗೆ ನೀಲಿ ಪೆನ್ನಿನ ಎರಡು ಸಾಲು.
ಆಮೇಲಿನ ಮೂರು ತಂಡ ಓದಿದ್ದು ಮುಂಭಾಗ ಮಾತ್ರ.
ಕ್ಯಾಂಟೀನಿನ ಮೊಯಿದ್ದೀನ್ ಅರಬಿ ಬಿಡಿಸಿ ಹೇಳಿದ:
ಎಡಭುಜ. ಹಳೆಯದು. ಎಕ್ಸ್‌ರೇ ಮಾಡಿಸಿ.

ಈಗ ಅದು ಕಿಸೆಯಲ್ಲಿದೆ, ಹಳದಿ ಕ್ಲಿಪ್ಪಿನ ಜೊತೆ.
ಅಂಗಳದಲ್ಲಿ ಏಳು ತಂಡದ ಒದ್ದೆ ಪೈಪುಗಳು
ಹೆಬ್ಬಾವಿನ ಹಾಗೆ ಬಿದ್ದಿವೆ, ಬೆಳಗಾದರೆ ಗೋಪುರಕ್ಕೆ.
ಫೋರ್‌ಮನ್ ಬರುವುದು ಆರೂವರೆಗೆ.
ಕತ್ತಲಲ್ಲಿ ಒಮ್ಮೆ ಬಲಗೈ ಎತ್ತಿ ನೋಡಿದೆ.
ಯಾರೂ ಸೀಟಿ ಊದಲಿಲ್ಲ. ಸರಿಯೇ,
ಅಭ್ಯಾಸಕ್ಕೆಂದು ಎತ್ತಿದ್ದು.